ಟೋಲೇ ಇಲ್ಲದ ರಾಜ್ಯಗಳಲ್ಲೂ ಟೋಲ್ ಫೀ! ಅಮೆರಿಕದಲ್ಲಿ ಬಾಡಿಗೆ ಕಾರು ಹಿಡಿಯುವವರು ಓದಿ

ಚಿಕಾಗೊದಿಂದ ಲಾಸ್ ಏಂಜಲೀಸ್‌ವರೆಗೆ ಒಬ್ಬನೇ ಬಾಡಿಗೆ ಕಾರಲ್ಲಿ ಹೋದೆ. ದಾರಿ ಸೊಗಸಾಗಿತ್ತು, ಕಾರೂ ಚೆನ್ನಾಗಿತ್ತು. ಮೈ ಉರಿದಿದ್ದು ಆಮೇಲೆ ಬಂದ ಬಿಲ್ ನೋಡಿ.

ಕಾರು ತೆಗೆದುಕೊಳ್ಳುವಾಗಲೇ ಕೌಂಟರ್‌ನಲ್ಲಿ ಕೇಳಿದ್ದೆ, ಓಕ್ಲಹೋಮಾದಲ್ಲಿ ಟೋಲ್ ಹೇಗೆ ಕಟ್ಟೋದು ಅಂತ. "ಗಾಜಿನ ಮೇಲೆ ಟ್ಯಾಗ್ ಇದೆ ಸರ್, ಸುಮ್ನೆ ಓಡಿಸಿ. ಟೋಲ್ ಎಷ್ಟಾಗುತ್ತೋ ಅಷ್ಟೇ ಕಾರ್ಡಿಗೆ ಬರುತ್ತೆ" ಅಂದ. ಅಷ್ಟೇ ಅಂತೆ!

ಓಕ್ಲಹೋಮಾದಲ್ಲಿ ಐ-44 ಹೆದ್ದಾರಿ ಬಹುಪಾಲು ಟೋಲ್ ರಸ್ತೆ, ಅದಕ್ಕೆ ಅಲ್ಲಿ ಟರ್ನ್‌ಪೈಕ್ ಅಂತಾರೆ. ಮೊದಲು ವಿಲ್ ರೋಜರ್ಸ್ ಟರ್ನ್‌ಪೈಕ್, ಟಲ್ಸಾ ಆದ ಮೇಲೆ 86 ಮೈಲಿಯ ಟರ್ನರ್ ಟರ್ನ್‌ಪೈಕ್. ದುಡ್ಡು ಕೊಡೋಣ ಅಂದರೆ ಬೂತಿನಲ್ಲಿ ಯಾರೂ ಇಲ್ಲ, ಎಲ್ಲ ಕ್ಯಾಮೆರಾ. ನಾನು ಟೋಲ್ ರಸ್ತೆಯಲ್ಲಿ ಹೋಗಿದ್ದು ಅಲ್ಲಿ ಮಾತ್ರ. ಆಮೇಲೆ ಐ-40. ಅಮರಿಲ್ಲೊ, ಆಲ್ಬುಕರ್ಕಿ, ಫ್ಲ್ಯಾಗ್‌ಸ್ಟಾಫ್, ಎಲ್ಲೂ ಒಂದು ಪೈಸೆ ಟೋಲ್ ಇಲ್ಲ. ನ್ಯೂ ಮೆಕ್ಸಿಕೊ, ಅರಿಜೋನಾದಲ್ಲಿ ಟೋಲ್ ರಸ್ತೆಗಳೇ ಇಲ್ಲ ಮಾರಾಯ್ರೆ!

ಕಾರು ವಾಪಸ್ ಕೊಟ್ಟು, ರಸೀದಿ ತಗೊಂಡು, ಲೆಕ್ಕ ಮುಗೀತು ಅಂದುಕೊಂಡೆ. ಕೆಲವು ವಾರ ಬಿಟ್ಟು ಕಾರ್ಡಿನಿಂದ ಮತ್ತೆ ದುಡ್ಡು ಹೋಯಿತು. ತೆಗೆದು ನೋಡಿದರೆ ಟೋಲ್ ಜೊತೆಗೆ "ಟೋಲ್ ಸರ್ವಿಸ್ ಫೀ", ಕಾರು ನನ್ನ ಹತ್ತಿರ ಇದ್ದ ಪ್ರತಿಯೊಂದು ದಿನಕ್ಕೂ! ಫ್ಲ್ಯಾಗ್‌ಸ್ಟಾಫ್‌ನಲ್ಲಿ ಜ್ವರ ಬಂದು ಮೋಟೆಲ್‌ನಲ್ಲಿ ಮಲಗಿದ್ದೆ, ಕಾರು ಅಂಗಳದಲ್ಲಿ ನಿಂತಿತ್ತು. ಆ ದಿನಕ್ಕೂ ಟೋಲ್ ಫೀ. ಒಟ್ಟು ನೋಡಿದರೆ ಟೋಲ್‌ಗಿಂತ ಫೀಯೇ ಜಾಸ್ತಿ. ನೀಟಾಗಿ ಕಿವಿ ಮೇಲೆ ಹೂವಿಟ್ಟಿದ್ದರು.

ಫೋನ್ ಮಾಡಿದೆ. "ಒಂದು ಸಲ ಟ್ಯಾಗ್ ಬಳಸಿದರೆ ದಿನದ ಫೀ ಪ್ಲಾನ್ ಶುರುವಾಗುತ್ತೆ ಸರ್."

ಅರಿಜೋನಾದಲ್ಲಿ ಟೋಲೇ ಇಲ್ವಲ್ಲ?

"ಕಾರು ವಾಪಸ್ ಕೊಡೋವರೆಗೂ ಪ್ಲಾನ್ ನಡೀತಿರುತ್ತೆ ಸರ್."

ನಿಮ್ಮವರೇ ಬೇರೆ ಹೇಳಿದ್ರಲ್ಲ?

"ಅದಕ್ಕೆ ನಮ್ಮ ಹತ್ತಿರ ದಾಖಲೆ ಇಲ್ಲ ಸರ್. ಅಗ್ರಿಮೆಂಟಿಗೆ ನಿಮ್ಮ ಸಹಿ ಇದೆ."

ಮೇಲ್ ಹಾಕಿದರೆ ಅದೇ ಅಗ್ರಿಮೆಂಟ್ ವಾಪಸ್ ಬಂತು, ಒಂದು ಸಾಲಿಗೆ ಹಳದಿ ಬಳಿದು. ಸಣ್ಣ ಅಕ್ಷರ, ಹನ್ನೊಂದನೇ ಪುಟ. ಮಾತು ಮಾತಿಗೆ ಸರ್ ಬೇರೆ ಕೇಡು!

ಕೌಂಟರ್‌ನವರ ಬಾಯಿಮಾತು ನಂಬಬೇಡಿ. ಫೀ ದಿನದ ಲೆಕ್ಕವೋ, ಟೋಲ್ ಲೆಕ್ಕವೋ ಅಂತ ಕೇಳಿ, ಬರೆಸಿಕೊಳ್ಳಿ. ಆ ರಾಜ್ಯದಲ್ಲಿ ನಡೆಯುವ ಸ್ವಂತ ಟ್ಯಾಗ್ ಇದ್ದರೆ ಬಾಡಿಗೆ ಕಾರಿನ ನಂಬರನ್ನು ಅದಕ್ಕೆ ಸೇರಿಸಿ, ಗಾಜಿನ ಮೇಲೆ ಅವರ ಟ್ಯಾಗ್ ಇರುವ ಡಬ್ಬಿಯ ಮುಚ್ಚಳ ಹಾಕಿಯೇ ಇಡಿ. ಇಲ್ಲವಾ, ಮ್ಯಾಪಿನಲ್ಲಿ ಟೋಲ್ ಬೇಡ ಅಂತ ಒತ್ತಿ. ಟರ್ನರ್ ಟರ್ನ್‌ಪೈಕ್ ಪಕ್ಕದಲ್ಲೇ ಸ್ಟ್ರೌಡ್, ಚಾಂಡ್ಲರ್ ಊರುಗಳ ಮೇಲೆ ಹಳೆಯ ರೂಟ್ 66 ಹೋಗುತ್ತೆ. ನಿಧಾನ, ಆದರೆ ಬಿಟ್ಟಿ.

ನಾನಂತೂ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ದುಡ್ಡು ಬರುತ್ತೋ ಇಲ್ವೋ, ಇನ್ನೂ ಉತ್ತರ ಇಲ್ಲ.