ಎನರ್ಜಿ ಸ್ಟಾರ್ ಪೋರ್ಟ್‌ಫೋಲಿಯೋ ಮ್ಯಾನೇಜರ್: ನ್ಯೂಯಾರ್ಕ್‌ನ ದೊಡ್ಡ ಕಟ್ಟಡಗಳಿಗೆ ಇದೊಂದೇ ಸಾಕೇ?

ನ್ಯೂಯಾರ್ಕ್ ನಗರದಲ್ಲಿ 25,000 ಚದರಡಿ ಮೀರಿದ ಕಟ್ಟಡವೊಂದರ ಉಸ್ತುವಾರಿ ನಿಮ್ಮದಾದರೆ ಎನರ್ಜಿ ಸ್ಟಾರ್ ಪೋರ್ಟ್‌ಫೋಲಿಯೋ ಮ್ಯಾನೇಜರ್ ಎಂಬ ಈ ತಂತ್ರಾಂಶವನ್ನು ಬಿಟ್ಟು ಬೇರೆ ದಾರಿಯಿಲ್ಲ. ನಗರದ ಕಾನೂನಾದ ಲೋಕಲ್ ಲಾ 84ರ ಪ್ರಕಾರ ಹಿಂದಿನ ವರ್ಷ ಕಟ್ಟಡ ಬಳಸಿದ ವಿದ್ಯುತ್, ಗ್ಯಾಸ್, ಸ್ಟೀಮ್, ಎಣ್ಣೆಯ ಲೆಕ್ಕವನ್ನು ಮೇ 1ರೊಳಗೆ ಇದರ ಮೂಲಕವೇ ಸಲ್ಲಿಸಬೇಕು. ತಪ್ಪಿದರೆ ಪ್ರತಿ ಮೂರು ತಿಂಗಳಿಗೆ 500 ಡಾಲರ್, ವರ್ಷಕ್ಕೆ 2,000 ಡಾಲರ್‌ವರೆಗೆ ದಂಡ. ತಂತ್ರಾಂಶವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಲೆಕ್ಕ ಇಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಕೊಟ್ಟ ಅಂಕಿಯನ್ನು ನಂಬಿಬಿಡುವುದು ಇದರ ಸ್ವಭಾವ, ತೊಂದರೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಖಾತೆ ತೆರೆದು ಕಟ್ಟಡ ಸೇರಿಸುವುದು ಅರ್ಧ ಗಂಟೆಯ ಕೆಲಸ. ಎರಡು ಗುರುತಿನ ಸಂಖ್ಯೆಗಳನ್ನು ಮಾತ್ರ ಎಚ್ಚರದಿಂದ ತುಂಬಿ: ಜಾಗವನ್ನು ಗುರುತಿಸುವ ಹತ್ತು ಅಂಕೆಯ ಬಿಬಿಎಲ್, ಕಟ್ಟಡವನ್ನು ಗುರುತಿಸುವ ಏಳು ಅಂಕೆಯ ಬಿನ್. ಇವು ತಪ್ಪಿದರೆ ವರದಿ ಕಳಿಸಿದರೂ ನಗರದ ಕಡತದಲ್ಲಿ ನಿಮ್ಮ ಕಟ್ಟಡ 'ಸಲ್ಲಿಸಿಲ್ಲ' ಎಂದೇ ಉಳಿಯಬಹುದು. ಬಿಬಿಎಲ್‌ನಲ್ಲಿ ಮೊದಲ ಅಂಕೆ ಬರೋ (ನಗರದ ಐದು ವಿಭಾಗಗಳಲ್ಲಿ ಒಂದು), ಮುಂದಿನ ಐದು ಬ್ಲಾಕ್, ಕೊನೆಯ ನಾಲ್ಕು ಲಾಟ್ (ನಿವೇಶನ). ಎಂಪೈರ್ ಸ್ಟೇಟ್ ಬಿಲ್ಡಿಂಗಿನದು 1008350041, ಅಂದರೆ ಬ್ಲಾಕ್ 835. ಬ್ಲಾಕಿನ ಕೊನೆಯ ಅಂಕೆಯನ್ನು ನೆನಪಿಟ್ಟುಕೊಳ್ಳಿ, ಇಂಧನ ಆಡಿಟ್ ಮಾತು ಬಂದಾಗ ಬೇಕಾಗುತ್ತದೆ.

ಅತಿ ಹೆಚ್ಚು ತಪ್ಪಾಗುವುದು ವಿಸ್ತೀರ್ಣದಲ್ಲಿ. ಇಲ್ಲಿ ಕೇಳುವುದು ಹೊರಗೋಡೆಯ ಹೊರಮೈಯಿಂದ ಅಳೆದ ಒಟ್ಟು ವಿಸ್ತೀರ್ಣ. ಮೆಟ್ಟಿಲು, ಲಿಫ್ಟಿನ ಬಾವಿ, ನೆಲಮಾಳಿಗೆ, ಯಂತ್ರಗಳ ಕೋಣೆ ಎಲ್ಲ ಸೇರುತ್ತವೆ. ಪಾರ್ಕಿಂಗ್ ಮತ್ತು ತೆರೆದ ಬಾಲ್ಕನಿ ಸೇರುವುದಿಲ್ಲ, ಪಾರ್ಕಿಂಗನ್ನು ಬೇರೆಯಾಗಿ ನಮೂದಿಸಬೇಕು. ಮ್ಯಾನ್‌ಹ್ಯಾಟನ್ನಿನ ಕಚೇರಿ ಕಟ್ಟಡಗಳಲ್ಲಿ ಬಾಡಿಗೆ ಕರಾರಿನ ವಿಸ್ತೀರ್ಣ ನಿಜವಾದ ಅಳತೆಗಿಂತ ಹೆಚ್ಚಿರುವುದುಂಟು. ಆ ಅಂಕಿಯನ್ನೇ ಎತ್ತಿ ಹಾಕಿದರೆ ಏನಾಗುತ್ತದೆ? ವರ್ಷಕ್ಕೆ 90 ಲಕ್ಷ ಕಿಲೋ ಬಿಟಿಯು (ಶಕ್ತಿಯ ಅಳತೆ) ಬಳಸುವ 1,00,000 ಚದರಡಿ ಕಟ್ಟಡದ ಬಳಕೆ ಚದರಡಿಗೆ 90. ವಿಸ್ತೀರ್ಣ 1,15,000 ಎಂದು ಬರೆದರೆ ಅದೇ ಕಟ್ಟಡ 78 ತೋರಿಸುತ್ತದೆ. ಒಂದು ಬಲ್ಬನ್ನೂ ಬದಲಿಸದೆ ಆದ ಈ 'ಉಳಿತಾಯ'ವನ್ನು ತಂತ್ರಾಂಶ ಪ್ರಶ್ನಿಸುವುದಿಲ್ಲ.

ಮೀಟರ್‌ಗಳ ವಿಷಯದಲ್ಲಿ ಸ್ಟೀಮಿನದು ದೊಡ್ಡ ಬಲೆ. ನಗರಕ್ಕೆ ವಿದ್ಯುತ್, ಸ್ಟೀಮ್ ಪೂರೈಸುವ ಕಂಪನಿ ಕಾನ್ ಎಡಿಸನ್‌ನ ಬಿಲ್ಲಿನಲ್ಲಿ ಬರುವ 'ಎಂಎಲ್‌ಬಿ' ಎಂದರೆ ಸಾವಿರ ಪೌಂಡ್. ಪೋರ್ಟ್‌ಫೋಲಿಯೋ ಮ್ಯಾನೇಜರಿನ ಪಟ್ಟಿಯಲ್ಲಿ ಅದೇ ಅಕ್ಷರಗಳ ಅರ್ಥ ಹತ್ತು ಲಕ್ಷ ಪೌಂಡ್, ಸಾವಿರ ಪೌಂಡಿಗೆ ಅಲ್ಲಿರುವುದು 'ಕೆಎಲ್‌ಬಿ'. ಬಿಲ್ಲು ನೋಡಿಕೊಂಡು ಕಣ್ಣಿಗೆ ಕಂಡದ್ದನ್ನೇ ಆರಿಸಿದರೆ ಬಳಕೆ ಸಾವಿರ ಪಟ್ಟು ಹೆಚ್ಚುತ್ತದೆ. ಸರಿಯಾಗಿ ಆರಿಸಿದಾಗ ಪ್ರತಿ ಸಾವಿರ ಪೌಂಡಿಗೆ 1,194 ಕಿಲೋ ಬಿಟಿಯು ಲೆಕ್ಕ ಬೀಳಬೇಕು. ಒಂದು ತಿಂಗಳ ಬಿಲ್ಲನ್ನಾದರೂ ಕೈಯಲ್ಲಿ ಗುಣಿಸಿ ತಾಳೆ ನೋಡಿ.

ಸ್ಟೀಮಿನ ತಪ್ಪು ಎದ್ದು ಕಾಣುತ್ತದೆ, ಬಾಡಿಗೆದಾರರ ಮೀಟರ್ ಬಿಟ್ಟುಹೋದದ್ದು ಕಾಣುವುದೇ ಇಲ್ಲ. ವಸತಿ ಕಟ್ಟಡಗಳಲ್ಲಿ ಮಾಲೀಕರ ಖಾತೆಗೆ ಬರುವುದು ಲಿಫ್ಟು, ಮೆಟ್ಟಿಲ ದೀಪ, ಪಂಪುಗಳ ಬಿಲ್ಲು ಮಾತ್ರ. ಮನೆಮನೆಯ ವಿದ್ಯುತ್ತೂ ಸೇರಿದ ಇಡೀ ಕಟ್ಟಡದ ಮೊತ್ತವನ್ನು ಕಾನ್ ಎಡಿಸನ್‌ನಿಂದ ಬೇರೆಯಾಗಿ ಕೇಳಿ, ನೇರವಾಗಿ ಖಾತೆಗೆ ತುಂಬಿಸಿಕೊಳ್ಳಬೇಕು. ಏಪ್ರಿಲ್ ಕೊನೆಯವರೆಗೆ ಕಾಯಬೇಡಿ, ಕೋರಿಕೆಯನ್ನು ಫೆಬ್ರವರಿಯಲ್ಲೇ ಹಾಕಿ. ಎಣ್ಣೆ ಸುಡುವ ಬಾಯ್ಲರ್ ಇದ್ದರೆ ಟ್ಯಾಂಕರ್ ಬಂದ ದಿನಾಂಕ ಮತ್ತು ಗ್ಯಾಲನ್ ಹಾಕಿದರೆ ಸಾಕು.

ಹನ್ನೆರಡು ತಿಂಗಳ ಲೆಕ್ಕ ತುಂಬಿದ ಮೇಲೆ 1ರಿಂದ 100ರವರೆಗಿನ ಅಂಕ ಬರುತ್ತದೆ. 50 ಎಂದರೆ ದೇಶದ ಅಂಥದ್ದೇ ಕಟ್ಟಡಗಳ ನಡುಮಟ್ಟ. ನಗರ ಇದನ್ನೇ ಅಕ್ಷರವಾಗಿ ಬದಲಿಸುತ್ತದೆ: 85 ಮತ್ತು ಮೇಲಕ್ಕೆ ಎ, 70ರಿಂದ ಬಿ, 55ರಿಂದ ಸಿ, ಅದಕ್ಕಿಂತ ಕೆಳಗೆ ಡಿ, ಲೆಕ್ಕವನ್ನೇ ಕೊಡದವರಿಗೆ ಎಫ್. ಆ ಹಾಳೆಯನ್ನು ಅಕ್ಟೋಬರ್ 31ರೊಳಗೆ ಬಾಗಿಲ ಬಳಿ ಅಂಟಿಸದಿದ್ದರೆ 1,250 ಡಾಲರ್ ದಂಡ. ಎ ಬಂತೆಂದು ಲೋಕಲ್ ಲಾ 97ರ ಚಿಂತೆ ತೀರಿತು ಎಂದುಕೊಳ್ಳಬೇಡಿ. ಆ ಕಾನೂನು 2024ರಿಂದ ಅಳೆಯುತ್ತಿರುವುದು ಇಂಗಾಲದ ಹೊರಸೂಸುವಿಕೆಯನ್ನು. ಮಿತಿ ಮೀರಿದ ಪ್ರತಿ ಟನ್ನಿಗೆ ವರ್ಷಕ್ಕೆ 268 ಡಾಲರ್. ಅಂಕ ಚೆನ್ನಾಗಿದ್ದೂ ಮಿತಿ ದಾಟುವುದು ಸಾಧ್ಯ, ಎರಡರ ಲೆಕ್ಕದ ಬುಡವೇ ಬೇರೆ.

ಇನ್ನು ಆಡಿಟ್. 50,000 ಚದರಡಿ ಮೀರಿದ ಕಟ್ಟಡಗಳಿಗೆ ಲೋಕಲ್ ಲಾ 87 ಹತ್ತು ವರ್ಷಕ್ಕೊಮ್ಮೆ ಆಡಿಟ್ ಮತ್ತು ರೆಟ್ರೋ ಕಮಿಷನಿಂಗ್ (ಇರುವ ಯಂತ್ರಗಳನ್ನು ಪರೀಕ್ಷಿಸಿ ಸರಿಯಾಗಿ ಓಡುವಂತೆ ಮಾಡುವುದು) ಎರಡನ್ನೂ ಕೇಳುತ್ತದೆ. ಬ್ಲಾಕಿನ ಕೊನೆಯ ಅಂಕೆಯೇ ಸರದಿಯ ವರ್ಷ: 5 ಇದ್ದರೆ 2025, 6 ಇದ್ದರೆ 2026, ಗಡುವು ಡಿಸೆಂಬರ್ 31. ತಪ್ಪಿದರೆ ಮೊದಲ ವರ್ಷ 3,000 ಡಾಲರ್, ಆಮೇಲೆ ವರ್ಷವರ್ಷವೂ 5,000. ಪೋರ್ಟ್‌ಫೋಲಿಯೋ ಮ್ಯಾನೇಜರ್ ಈ ಕೆಲಸಕ್ಕೆ ಸಾಲದು. ಅದಕ್ಕೆ ತಿಂಗಳ ಮೊತ್ತ ಗೊತ್ತು, ಬಾಯ್ಲರ್ ಗೊತ್ತಿಲ್ಲ. ಅಮೆರಿಕದ ಎಂಜಿನಿಯರುಗಳ ಸಂಘವಾದ ಆಶ್ರೇಯ ಎರಡನೇ ಹಂತದ ಆಡಿಟ್‌ಗೆ ಎಂಜಿನಿಯರ್ ಕಟ್ಟಡಕ್ಕೇ ಬಂದು, ಯಾವ ಯಂತ್ರಕ್ಕೆ ಎಷ್ಟು ಹೋಗುತ್ತಿದೆ, ಯಾವ ಸುಧಾರಣೆಗೆ ಎಷ್ಟು ಖರ್ಚು, ಎಷ್ಟು ವರ್ಷದಲ್ಲಿ ವಾಪಸು ಎಂದು ಬರೆಯಬೇಕು. ಅವರ ವರದಿಯಲ್ಲಿ ಬಿಸಿ, ತಂಪು, ದೀಪ, ಬಿಸಿನೀರು, ಲಿಫ್ಟು ಎಂದು ಹಂಚಿದ ಅಂಕಿಗಳನ್ನು ಕೂಡಿಸಿ ಇಲ್ಲಿನ ವಾರ್ಷಿಕ ಮೊತ್ತಕ್ಕೆ ಹೋಲಿಸಿ. ಹೊಂದದಿದ್ದರೆ ವರದಿಯನ್ನು ಒಪ್ಪಬೇಡಿ. ಖಾತೆಯ ಅತಿ ಬೆಲೆಬಾಳುವ ಉಪಯೋಗ ಇದೇ ಎಂದು ನಮ್ಮ ಅಭಿಪ್ರಾಯ.

ಆಡಿಟ್ ಸೂಚಿಸಿದ ಸುಧಾರಣೆಗಳನ್ನು ಮಾಡಲೇಬೇಕೆಂದು ಈ ಕಾನೂನು ಖಾಸಗಿ ಮಾಲೀಕರಿಗೆ ಹೇಳುವುದಿಲ್ಲ. ಆದರೆ ರೆಟ್ರೋ ಕಮಿಷನಿಂಗ್‌ನಲ್ಲಿ ಕಂಡ ಕೊರತೆಗಳನ್ನು ಸರಿಪಡಿಸಿಯೇ ವರದಿ ಹಾಕಬೇಕು: ತಪ್ಪು ಓದುವ ಸೆನ್ಸರ್, ನೀರನ್ನು ಮಾತ್ರ ಹೊರಬಿಡಬೇಕಾದಲ್ಲಿ ಉಗಿಯನ್ನೂ ಬಿಟ್ಟುಬಿಡುವ ಸ್ಟೀಮ್ ಟ್ರ್ಯಾಪ್, ಹೊದಿಕೆ ಕಳಚಿದ ಪೈಪು. ಅಗ್ಗದ ಕೊಟೇಶನ್‌ಗಳು ಈ ಭಾಗವನ್ನೇ ತೆಳ್ಳಗೆ ಮಾಡಿರುತ್ತವೆ. ದುರಸ್ತಿಯಾದ ಮೇಲೆ ಮುಂದಿನ ಚಳಿಗಾಲದ ಗ್ಯಾಸ್ ಅಥವಾ ಸ್ಟೀಮ್ ಅಂಕಿ ಇಳಿಯಿತೇ ಎಂದು ಇದೇ ಖಾತೆಯಲ್ಲಿ, ಹವಾಮಾನಕ್ಕೆ ಹೊಂದಿಸಿದ ಸಾಲಿನಲ್ಲಿ ನೋಡಿ.

ಬೆಂಗಳೂರಿನಲ್ಲಿ ಕೂತು ಅಲ್ಲಿನ ಕಟ್ಟಡಗಳ ಲೆಕ್ಕ ನೋಡುವವರಿಗೆ: ಚದರಡಿಗೆ ಕಿಲೋ ಬಿಟಿಯು ಅಂಕಿಯನ್ನು 3.155ರಿಂದ ಗುಣಿಸಿದರೆ ನಮಗೆ ರೂಢಿಯಿರುವ ಚದರ ಮೀಟರ್‌ಗೆ ಯೂನಿಟ್ ಸಿಗುತ್ತದೆ. ಮೇಲಿನ 90 ಇಲ್ಲಿ ಸುಮಾರು 284.

ಕಟ್ಟಡವನ್ನು ಸಲಹೆಗಾರರ ಖಾತೆಯಲ್ಲಿ ತೆರೆಯಲು ಬಿಡಬೇಡಿ. ಮಾಲೀಕರ ಹೆಸರಿನಲ್ಲಿ ತೆರೆದು, ಸಲಹೆಗಾರರಿಗೆ 'ಶೇರ್' ಮೂಲಕ ಬೇಕಾದಷ್ಟೇ ಅನುಮತಿ ಕೊಡಿ. ಈಗಾಗಲೇ ಅವರ ಬಳಿ ಇದ್ದರೆ, ಒಪ್ಪಂದ ಮುಗಿಯುವ ಮೊದಲೇ ಮಾಲೀಕತ್ವ ವರ್ಗಾಯಿಸಿಕೊಳ್ಳಿ. ಇಲ್ಲದಿದ್ದರೆ ವರ್ಷಗಳ ಮೀಟರ್ ಲೆಕ್ಕವನ್ನು ಮತ್ತೆ ಮೊದಲಿನಿಂದ ತುಂಬಬೇಕಾಗುತ್ತದೆ.