ಭಾನುವಾರದ ವಿದೇಶಾಂಗ ನೀತಿ ಕ್ಲಾಸು: ಪಾಠ ಚೆನ್ನಾಗಿದೆ, ನೋಟ್ಸ್ ಬೇಡಪ್ಪಾ

ವಿಜಯಪುರದಲ್ಲಿ ಕೋಚಿಂಗ್ ಸೆಂಟರ್‌ಗಳಿಗೇನು ಬರ ಇಲ್ಲ. ಗೋಲಗುಂಬಜ್ ಕಡೆಯ ಒಂದು ಸೆಂಟರ್‌ಗೆ ಎರಡು ತಿಂಗಳು ಹೋದೆ. ಸರ್ ಪಾಠ ನಿಜಕ್ಕೂ ಚೆನ್ನಾಗಿದೆ. ಸರ್ಕಾರ ಬದಲಾದರೆ ವಿದೇಶಾಂಗ ನೀತಿ ಎಷ್ಟು ಬದಲಾಗುತ್ತೆ ಅನ್ನೋದಕ್ಕೆ ಮಾಲ್ಡೀವ್ಸ್ ಒಂದನ್ನೇ ಹಿಡಿದು ಒಂದೂವರೆ ತಾಸು ಕೂರಿಸಿದರು. 2023ರಲ್ಲಿ ಅಲ್ಲಿನ ಅಧ್ಯಕ್ಷ ಚುನಾವಣೆಯಲ್ಲಿ ಮುಯಿಜ್ಜು ಗೆದ್ದರು, ಭಾರತದ ಸೈನಿಕರು ಹೊರಡಬೇಕು ಅಂದರು, 2024ರ ಮೇ ಹೊತ್ತಿಗೆ ಅವರೆಲ್ಲ ವಾಪಸ್ ಬಂದೂ ಆಯಿತು, ಆದರೆ ಅವರು ನೋಡಿಕೊಳ್ತಿದ್ದ, ಭಾರತವೇ ಕೊಟ್ಟಿದ್ದ ಹೆಲಿಕಾಪ್ಟರ್‌ ನೋಡಿಕೊಳ್ಳೋಕೆ ಹೋದವರು ಮತ್ತೆ ಭಾರತದವರೇ, ಸಮವಸ್ತ್ರ ಮಾತ್ರ ಇಲ್ಲ! ಅದೇ ಅಕ್ಟೋಬರ್‌ನಲ್ಲಿ ಮುಯಿಜ್ಜು ದಿಲ್ಲಿಗೆ ಬಂದರು, 40 ಕೋಟಿ ಡಾಲರ್ ಕರೆನ್ಸಿ ವಿನಿಮಯದ ನೆರವೂ ಸಿಕ್ಕಿತು. ಖಜಾನೆ ಖಾಲಿ ಇದ್ದರೆ ಘೋಷಣೆ ಎಷ್ಟು ದಿನ ನಡೆಯುತ್ತೆ, ಅಲ್ವಾ?

1977ರದ್ದೂ ಹೇಳಿದರು. ಕಾಂಗ್ರೆಸ್ ಸೋತು ಜನತಾ ಸರ್ಕಾರ ಬಂದು ವಾಜಪೇಯಿ ವಿದೇಶಾಂಗ ಸಚಿವರಾದರೂ, ಇಂದಿರಾ ಕಾಲದ 1971ರ ಸೋವಿಯತ್ ಸ್ನೇಹ ಒಪ್ಪಂದ ಹಾಗೇ ಉಳಿಯಿತು.

ಬೇಜಾರು ಅಂದ್ರೆ ಬಾಂಗ್ಲಾದೇಶ. 2024ರ ಆಗಸ್ಟ್‌ನಲ್ಲಿ ಹಸೀನಾ ಸರ್ಕಾರ ಬಿದ್ದದ್ದನ್ನು ಹತ್ತೇ ನಿಮಿಷದಲ್ಲಿ ಮುಗಿಸಿದರು. ಅಲ್ಲಿಗೆ ನಮ್ಮ ದೇಶದ ದ್ರಾಕ್ಷಿ ಹೋಗುತ್ತೆ, ಕ್ಲಾಸಲ್ಲಿ ಅರ್ಧ ಜನ ದ್ರಾಕ್ಷಿ ತೋಟದ ಮನೆಯವರು, ಕೇಳೋಕೆ ಎಷ್ಟೋ ಇತ್ತು.

ನೋಟ್ಸ್ ಸುಮ್ನೆ ದುಡ್ಡು ದಂಡ, ಜೆರಾಕ್ಸ್ ಓದೋಕೇ ಆಗಲ್ಲ. ನನ್ನ ರೇಟಿಂಗ್ ಐದಕ್ಕೆ ಮೂರೂವರೆ. ಫ್ಯಾನ್ ಕೆಳಗಿನ ಬೆಂಚು ಬೇಕಂದ್ರೆ ಬೇಗ ಹೋಗಿ.