ಕೊಂಡು ತಂದ ಟಗರೋ, ಮನೆಯಲ್ಲೇ ಬೆಳೆಸಿದ ಟಗರೋ?

ಬೀಜದ ಟಗರನ್ನು ಹೊರಗಿನಿಂದ ತರುವುದು ಮೇಲೋ, ನಮ್ಮ ಹಿಂಡಿನ ಮರಿಯನ್ನೇ ಬೆಳೆಸುವುದು ಮೇಲೋ ಎಂದು ತಿಳಿಯಲು ಒಂದೇ ಹಂಗಾಮಿನಲ್ಲಿ ಎರಡನ್ನೂ ಮಾಡಿ ನೋಡಿದೆ. ತಂದದ್ದು ನಾಲ್ಕು ಹಲ್ಲಿನ, ಅಂದರೆ ಸುಮಾರು ಎರಡು ವರ್ಷದ ದೊಡ್ಡ ಟಗರು, ಅದಕ್ಕೆ 35 ಕುರಿ. ಮನೆಯದು ವರ್ಷ ದಾಟಿದ ಎಳೆಯದು, ಅದಕ್ಕೆ 20 ಕುರಿ.

ತಂದ ಟಗರಿನ ಅಗಲವಾದ ಎದೆ, ಹೊಳೆಯುವ ಮೈ ನೋಡಿ ಮನಸೋತಿದ್ದೆ. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆಯೇ ಸಿಗುತ್ತಿರಲಿಲ್ಲ. ಅದು ಪುಷ್ಟಿಯಲ್ಲ, ಬರೀ ಕೊಬ್ಬು. ರೋಗದ ಭಯಕ್ಕೆ ಒಂದು ತಿಂಗಳು ಬೇರೆ ಕಟ್ಟಿ, ಆಮೇಲೆ ಬಿಟ್ಟೆ.

ಎರಡೂ ಟಗರುಗಳ ಎದೆಗೆ ಬಣ್ಣ ಬಳಿದು, 17 ದಿನಕ್ಕೊಮ್ಮೆ ಬಣ್ಣ ಬದಲಿಸಿದೆ. ಟಗರು ಹಾರಿದ ಕುರಿಯ ಬೆನ್ನಿಗೆ ಆ ಬಣ್ಣ ಹತ್ತುತ್ತದೆ. ಕುರಿ ಮತ್ತೆ ಬೆದೆಗೆ ಬರುವುದು ಸುಮಾರು ಅಷ್ಟು ದಿನಕ್ಕೆ. ಗಬ್ಬ ನಿಂತಿದ್ದರೆ ಎರಡನೇ ಬಣ್ಣ ಬೀಳುವುದಿಲ್ಲ. ಮನೆಯ ಟಗರಿನ ಗುಂಪಿನಲ್ಲಿ ಮೂರಕ್ಕೆ ಬಿತ್ತು. ತಂದದ್ದರ ಗುಂಪಿನಲ್ಲಿ ಹದಿನಾರಕ್ಕೆ! ಪಶುವೈದ್ಯರು ಪರೀಕ್ಷಿಸಿ ಹೇಳಿದ್ದು: ತರಡಿನ ಬುಡದಲ್ಲಿ ಕೊಬ್ಬು ಕಟ್ಟಿ ಅದು ತಂಪಾಗುತ್ತಿಲ್ಲ, ಬಿಸಿಲೂ ಸೇರಿ ವೀರ್ಯ ಕೆಟ್ಟಿದೆ. ವೀರ್ಯ ತಯಾರಾಗಲು ಸುಮಾರು ಏಳು ವಾರ ಬೇಕು. ಹಾಗಾಗಿ ಇವತ್ತು ಸರಿಪಡಿಸಿದರೂ ಆ ಹಂಗಾಮು ಹೋದ ಹಾಗೆಯೇ. ಟಗರನ್ನು ಎರಡು ತಿಂಗಳು ಮೊದಲೇ ಹದಕ್ಕೆ ತರಬೇಕೆಂದು ಆಗ ಅರ್ಥವಾಯಿತು.

ಮನೆಯ ಟಗರಿನ ತಾಯಿ ಮೂರು ಸಲ ಅವಳಿ ಹಾಕಿ, ಎಲ್ಲವನ್ನೂ ತಾನೇ ಹಾಲುಣಿಸಿ ಸಾಕಿದ ಕುರಿ. ಅವಳಿಯ ಗುಣ ಮರಿಗೆ ಬರುವುದು ಸ್ವಲ್ಪವೇ, ಆದ್ದರಿಂದ 90 ದಿನದ ತೂಕವನ್ನೂ ನೋಡಿದೆ. ಅವಳಿ ಮರಿಯನ್ನು ಅವಳಿಯೊಡನೆಯೇ ತೂಗಬೇಕು, ಒಂಟಿ ಮರಿಯ ಜೊತೆ ಹೋಲಿಸಿದರೆ ಅನ್ಯಾಯ. ಆರಿಸಿದ ನಾಲ್ಕರಲ್ಲಿ ಮೂರನ್ನು ಬಿಟ್ಟೆ: ಒಂದಕ್ಕೆ ಕೆಳದವಡೆ ಮುಂದೆ, ಒಂದಕ್ಕೆ ಗೊರಸು ಸೊಟ್ಟ, ಒಂದಕ್ಕೆ ಒಂದೇ ತರಡು ಇಳಿದಿತ್ತು. ಉಳಿದದ್ದರ ತರಡಿನ ಸುತ್ತಳತೆ ವರ್ಷ ತುಂಬುವಾಗ 31 ಸೆಂ.ಮೀ. ಬಂತು. ಕಾಳು ಹೆಚ್ಚು ಹಾಕಲಿಲ್ಲ. ಕಾಳಿನಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಅದರ ಎರಡರಷ್ಟಾದರೂ ಇಲ್ಲದಿದ್ದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಬಾಟಲಿ ಹಾಲನ್ನೂ ಕುಡಿಸಲಿಲ್ಲ. ಮನುಷ್ಯರ ಭಯವಿಲ್ಲದೆ ಬೆಳೆದ ಟಗರು ದೊಡ್ಡದಾದ ಮೇಲೆ ಹಾಯಲು ಬರುತ್ತದೆ.

ಆದರೂ ಮನೆಯ ಟಗರೇ ಗೆದ್ದಿತು ಎನ್ನಲಾರೆ. ತಾಯಿ, ಅಕ್ಕತಂಗಿಯರನ್ನು ಹುಡುಕಿ ಹುಡುಕಿ ಬೇರೆ ಮಾಡಬೇಕಾಯಿತು. ಇದರದೇ ಹೆಣ್ಣುಮರಿಗಳು ಬೆದೆಗೆ ಬರುವ ಹೊತ್ತಿಗೆ ಇದನ್ನು ಮಾರಲೇಬೇಕು. ಇತ್ತ, ಮೈ ಇಳಿಸಿದ ಮೇಲೆ ಕೊಂಡ ಟಗರು ಮರು ಹಂಗಾಮಿನಲ್ಲಿ ಚೆನ್ನಾಗಿಯೇ ಗಬ್ಬ ನಿಲ್ಲಿಸಿತು, ಅದರ ಮರಿಗಳೂ ದಪ್ಪಗಿದ್ದವು. ಹೊಸ ರಕ್ತದ ಬಲ ಅದು.

ಈಗ ಬೇರೆ ಹಿಂಡಿನಲ್ಲಿ ತಾಯಿಯನ್ನು ಕಣ್ಣಾರೆ ನೋಡಿ, ಹಾಲು ಬಿಡಿಸಿದ ಗಂಡುಮರಿಯನ್ನೇ ತಂದು ನನ್ನ ಮೇವಿನಲ್ಲಿ ಬೆಳೆಸುತ್ತಿದ್ದೇನೆ. ಅಂಥವು ಎರಡಿವೆ. ಒಂದರ ಹಿಂಗಾಲಿನ ನಡೆ ಯಾಕೋ ಮನಸ್ಸಿಗೆ ಬಂದಿಲ್ಲ, ಮುಂದಿನ ತಿಂಗಳು ಮತ್ತೊಮ್ಮೆ ನಡೆಸಿ ನೋಡಬೇಕು.